ಹಾಡು ಬರದವ್ರ ಮನಿ ಲೆಕ್ಕ

ಹಾಡು ಅಂದಕೂಡ್ಲೆ ನಮಗ ಹಾಡಿದವ್ರ ಹೆಸರಷ್ಟ ನೆನಪಾಗ್ತದ. ಅಮೆರಿಕಾದ ಕಂಟ್ರಿ ಸಂಗೀತದಾಗೂ ಹಂಗ ಅದ. ಆ ಸಂಗೀತದ ದೊಡ್ಡ ಊರು ಟೆನೆಸಿ ರಾಜ್ಯದ ನ್ಯಾಶ್ವಿಲ್. ಅಲ್ಲೆ ಎಷ್ಟೋ ಸಲ ಹಾಡೋರು ಬ್ಯಾರೆ, ಬರದು ಕೊಡೋರು ಬ್ಯಾರೆ. ಆ ಬರಿಯೋರೊಳಗ ನನಗ ಭಾಳ ಸೇರೋದು ಬ್ರಯಂಟ್ ಗಂಡ-ಹೆಂಡ್ತಿ ಕಥಿ. ಅದು ಹಾಡಿನ ಇತಿಹಾಸನೂ ಹೌದು, ಸಂಸಾರದ ಲೆಕ್ಕಾನೂ ಹೌದು.

ಗಂಡ ಬೂಡ್ಲೋ ಬ್ರಯಂಟ್ 1920ರಾಗ ಜಾರ್ಜಿಯಾದಾಗ ಹುಟ್ಟಿದಾಂವ. ಶಾಸ್ತ್ರೀಯ ಪಿಟೀಲು ಕಲಿತು, ಆಮ್ಯಾಲೆ ಬ್ಯಾಂಡಿನವ್ರ ಜೋಡಿ ಊರೂರು ತಿರುಗ್ತಿದ್ದ. ಹೆಂಡ್ತಿ ಫೆಲೀಸ್ ಮಿಲ್ವಾಕೀ ಊರಿನ ಇಟಾಲಿಯನ್ ಮನೆತನದಾಕಿ. 1945ರಾಗ ಆಕಿ ಲಿಫ್ಟ್ ನಡಸ್ತಿದ್ದ ಹೋಟೆಲಿಗೆ ಇಂವ ಪಿಟೀಲು ಬಾರಸ್ಲಿಕ್ಕೆ ಬಂದ. ಅದ ವರ್ಷ ಮದುವಿನೂ ಆತು.

ಗಂಡ ತಿರುಗಾಟದಾಗಿದ್ದಾಗ ಫೆಲೀಸ್ ಮನ್ಯಾಗ ಕೂತು ಪದ್ಯ ಬರಿಯೋಕಿ. ಮುಂದ ಇಬ್ಬರೂ ಕೂಡಿ ಹಾಡು ಕಟ್ಟಿದ್ರು. 1949ರಾಗ ಲಿಟಲ್ ಜಿಮ್ಮಿ ಡಿಕನ್ಸ್ ಇವ್ರ ‘ಕಂಟ್ರಿ ಬಾಯ್’ ಹಾಡಿ ಗೆಲ್ಲಿಸಿದ. ಮರು ವರ್ಷ ಮಕ್ಕಳನ್ನ ಕಟಗೊಂಡು ನ್ಯಾಶ್ವಿಲ್ಲಿಗೆ ಬಂದ್ರು. ಬರೇ ಹಾಡು ಬರದ ಹೊಟ್ಟಿ ತುಂಬಿಸಿಕೊಳ್ಳೋದು ಆವಾಗ ಆ ಊರಿಗೂ ಹೊಸಾದು. ಬರದದ್ದನ್ನೆಲ್ಲಾ ಅಂಗಡಿಯವ್ರ ಖಾತೆ ಪುಸ್ತಕದಂಥ ದಪ್ಪ ಪುಸ್ತಕದಾಗ ಇಡ್ತಿದ್ರು.

‘ಬೈ ಬೈ ಲವ್’ ಹಾಡನ್ನ ಭಾಳ ಮಂದಿ ಬ್ಯಾಡ ಅಂದಿದ್ರು. 1957ರಾಗ ಎವರ್ಲಿ ಅಣ್ಣ-ತಮ್ಮಂದಿರು ಹಾಡಿದ್ರು, ದೇಶಾನ ಗುನುಗಿತು. ಅದ ವರ್ಷ ‘ವೇಕ್ ಅಪ್ ಲಿಟಲ್ ಸೂಸೀ’ ಬಂತು, ಮರು ವರ್ಷ ಬೂಡ್ಲೋ ಬರದ ‘ಆಲ್ ಐ ಹ್ಯಾವ್ ಟು ಡೂ ಈಸ್ ಡ್ರೀಮ್’. ಹೆಸರು ಎವರ್ಲಿಯವ್ರದಾತು.

ಆದ್ರ ಇವ್ರು ಒಂದು ಶಾಣ್ಯಾತನ ಮಾಡಿದ್ರು. ಬರದವ್ರು ಹಾಡಿನ ಹಕ್ಕು ಪ್ರಕಾಶಕರಿಗೆ ಬಿಟ್ಟುಕೊಡೋದು ರೂಢಿ. ಇವ್ರು ಅಕಫ್-ರೋಸ್ ಕಂಪನಿ ಜೋಡಿ ಹತ್ತು ವರ್ಷದ ಕರಾರು ಮಾಡಿದ್ರು. ಮುಗಿದ ಮ್ಯಾಲೆ ಹಕ್ಕು ವಾಪಸ್ ಮನಿಗೆ ಬರಬೇಕು ಅಂತ. 1967ರಾಗ ‘ಹೌಸ್ ಆಫ್ ಬ್ರಯಂಟ್’ ಅಂತ ತಮ್ಮದ ಕಂಪನಿ ತಗದ್ರು. ಅದ ವರ್ಷ ಗ್ಯಾಟ್ಲಿನ್‌ಬರ್ಗಿನಾಗ ಕೂತು, ಮುದುಕರ ಮ್ಯಾಲಿನ ನಿಧಾನದ ಹಾಡು ಬರದು ಬರದು ಬ್ಯಾಸತ್ತಾಗ, ಹತ್ತು ನಿಮಿಷದಾಗ ‘ರಾಕಿ ಟಾಪ್’ ಬರದ್ರಂತ. 1982ರಾಗ ಅದು ಟೆನೆಸಿಯ ರಾಜ್ಯಗೀತೆಗಳೊಳಗ ಒಂದಾತು.

ನನ್ನ ವಿಚಾರ ಇಷ್ಟ. ಹಾಡೋರ ಗಂಟಲು ಒಂದಿನ ಸೋಲ್ತದ. ಹಕ್ಕು ಕೈಯಾಗಿದ್ರ, ಯಾರು ಹಾಡಿದ್ರೂ ಬರದವ್ರ ಮನ್ಯಾಗ ಒಲಿ ಉರೀತದ. ಬೂಡ್ಲೋ 1987ರಾಗ ತೀರಿಕೊಂಡ. 1991ರಾಗ ಇಬ್ಬರ ಹೆಸರೂ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮಿಗೆ ಸೇರಿದ್ವು, ಜೋಡೀಲೆ. ಇನ್ನ ಮ್ಯಾಲೆ ಒಂದು ಹಾಡು ಮನಸ್ಸಿಗೆ ಹಿಡೀತಂದ್ರ, ಹಾಡಿದವ್ರ ಹೆಸರಿನ ಕೆಳಗಿನ ಸಣ್ಣ ಅಕ್ಷರಾನೂ ಓದ್ರಿ.