ಅಂಗವಿಕಲರ ಮಾಸಾಶನ: ವೈದ್ಯಕೀಯೇತರ ಅಂಶಗಳು

ಅಂಗವೈಕಲ್ಯದ ನೆರವಿಗೆ ಯಾರು ಅರ್ಹರು ಎಂಬುದನ್ನು ವೈದ್ಯರ ಪ್ರಮಾಣಪತ್ರವೊಂದೇ ತೀರ್ಮಾನಿಸುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶೇ. 40ರ ವೈಕಲ್ಯವನ್ನು ಮಾನದಂಡವಾಗಿಟ್ಟಿದೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇ. 80 ವೈಕಲ್ಯದ ಜೊತೆಗೆ ವಯಸ್ಸು ಮತ್ತು ಬಡತನ ರೇಖೆಯ ಷರತ್ತೂ ಇದೆ. ಹೀಗೆ ಆದಾಯ, ವಯಸ್ಸು, ವಾಸಸ್ಥಳ ಲೆಕ್ಕಕ್ಕೆ ಬರುತ್ತವೆ. ಬಾರದಿರುವುದು ಕಸುಬು, ಮತ್ತು ದೊಡ್ಡ ಕೊರತೆ ಅದೇ. ನೇಕಾರಿಕೆಯ ಊರಾದ ರಬಕವಿ-ಬನಹಟ್ಟಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮಗ್ಗ ನಡೆಯುವಾಗ ಎಳೆ ಕಡಿದರೆ ಹೆಬ್ಬೆರಳು, ತೋರುಬೆರಳ ನಡುವೆ ತುದಿಗಳನ್ನು ಹಿಡಿದು ತಟ್ಟನೆ ಗಂಟು ಹಾಕಬೇಕು. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿ ಹೆಬ್ಬೆರಳಿನ ನಷ್ಟಕ್ಕೆ ಶೇ. 30 ಎಂದು ನಿಗದಿಪಡಿಸಿತ್ತು. ಲೆಕ್ಕ ಬರೆಯುವವರಿಗೆ ಆ ಅಂಕಿ ಸರಿಯಿರಬಹುದು, ಬೇರೆ ಕೆಲಸ ಕಲಿಯದ ನೇಕಾರರಿಗೆ ಅಲ್ಲ.

ಪರಿಹಾರದ ಮೊಕದ್ದಮೆಗಳಲ್ಲಿ ನ್ಯಾಯಾಲಯಗಳು ಇದನ್ನು ಎಂದೋ ಒಪ್ಪಿವೆ. ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ (1976) ಎಡಗೈ ಕಳೆದುಕೊಂಡ ಬಡಗಿಯದು ಸಂಪೂರ್ಣ ಅಸಾಮರ್ಥ್ಯವೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದೇಹದ ವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ ಎಂದು ರಾಜ್ ಕುಮಾರ್ ಪ್ರಕರಣದಲ್ಲಿ (2011) ವಿವರಿಸಿತು. ಕಸುಬನ್ನು ಪರಿಗಣಿಸಿದರೆ ಅಧಿಕಾರಿಯ ಮರ್ಜಿ ಹೆಚ್ಚುತ್ತದೆ, ಒಂದೇ ಅಳತೆಯಾದರೆ ವಶೀಲಿಗೆ ಎಡೆಯಿಲ್ಲ ಎಂಬ ಆಕ್ಷೇಪವಿದೆ. ಅದು ಹಗುರವಾದ ಮಾತಲ್ಲ. ಆದರೆ ಆದಾಯ ಪ್ರಮಾಣಪತ್ರಕ್ಕಾಗಿ ಸ್ಥಳ ವಿಚಾರಣೆ ಈಗಲೂ ನಡೆಯುತ್ತದೆ, ಅಲ್ಲಿಯೂ ಅಧಿಕಾರಿಯ ವಿವೇಚನೆ ಇದ್ದೇ ಇದೆ. ನೇಕಾರರ ಗುರುತಿನ ಚೀಟಿ, ಕೂಲಿ ಲೆಕ್ಕ ಮೊದಲಾದ ದಾಖಲೆಗಳಿಂದ ಕಸುಬನ್ನು ಖಚಿತಪಡಿಸುವುದು ಅದಕ್ಕಿಂತ ಕಷ್ಟವೇನಲ್ಲ.