ನಮ್ಮ ಜಿಲ್ಲೆಗೆ ದ್ವೀಪಗಳಿದ್ದ ಕಾಲ

ರಜೆ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಸಮುದ್ರತೀರದ ಚಿತ್ರಗಳನ್ನು ಕಳುಹಿಸುತ್ತಾರೆ. ಒಬ್ಬರು ಮಾಲ್ಡೀವ್ಸಿನಿಂದ, ಇನ್ನೊಬ್ಬರು ಅಂಡಮಾನಿನಿಂದ, ಮತ್ತೊಬ್ಬರು ಥಾಯ್ಲೆಂಡಿನ ಫುಕೆಟ್‌ನಿಂದ. ಬಿಳಿಯ ಮರಳು, ತಿಳಿನೀಲಿ ನೀರು, ನೀರಿನತ್ತ ಬಾಗಿದ ತೆಂಗಿನ ಮರ. ಎಲ್ಲವೂ ಒಂದೇ ಊರಿನ ಚಿತ್ರಗಳೋ ಎಂಬಂತೆ ತೋರುತ್ತವೆ. ಬೆಳಗ್ಗೆ ಒಂದು ದ್ವೀಪ, ಸಂಜೆಗೆ ಇನ್ನೊಂದು ದ್ವೀಪ ಎಂದು ಸುತ್ತುವ ಪ್ರವಾಸ ಈಗ ನಮ್ಮ ಮಧ್ಯಮ ವರ್ಗದ ಕುಟುಂಬಗಳಿಗೂ ಎಟಕುವಂತಾಗಿದೆ. ಸಂತೋಷದ ವಿಷಯವೇ. 'ದೇಶ ಸುತ್ತು, ಕೋಶ ಓದು' ಎಂದು ತರಗತಿಯಲ್ಲಿ ಮತ್ತೆ ಮತ್ತೆ ಹೇಳಿದವನು ನಾನೇ ಅಲ್ಲವೆ? ಆದರೆ ಆ ಗಾದೆಯಲ್ಲಿ ಎರಡು ಭಾಗಗಳಿವೆ. ಸುತ್ತುವ ಭಾಗವನ್ನು ನೀವು ಚೆನ್ನಾಗಿಯೇ ನಡೆಸಿದ್ದೀರಿ. ಓದುವ ಭಾಗಕ್ಕೆ ಈ ಲೇಖನ.

1956ರ ಅಕ್ಟೋಬರ್ 31ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಐದು ಹವಳದ್ವೀಪಗಳಿದ್ದವು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ. ಈ ಗುಂಪಿಗೆ ಅಮಿನ್‌ದೀವಿ ಎಂದು ಹೆಸರು. ಇಂದು ಇವು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶದ ಉತ್ತರ ಭಾಗ. ಮಂಗಳೂರಿನಿಂದ ಅಮಿನಿಗೆ ನೈಋತ್ಯ ದಿಕ್ಕಿನಲ್ಲಿ ಸುಮಾರು 300 ಕಿ.ಮೀ. ದೂರ. ಮಂಗಳೂರಿನ ಕಲೆಕ್ಟರರ ಕಚೇರಿಯಿಂದ ಪುತ್ತೂರು, ಕಾರ್ಕಳಗಳಿಗೆ ಹೇಗೋ ಹಾಗೆಯೇ ಈ ದ್ವೀಪಗಳಿಗೂ ಆಜ್ಞೆಗಳು ಹೊರಡುತ್ತಿದ್ದವು. ವ್ಯತ್ಯಾಸವೆಂದರೆ, ಅವು ಹಾಯಿ ಬಿಚ್ಚಿದ ಹಡಗಿನಲ್ಲಿ, ಗಾಳಿ ಅನುಕೂಲವಾಗಿದ್ದರೆ ಮಾತ್ರ ತಲಪುತ್ತಿದ್ದವು.

ಈ ಸಂಬಂಧ ಹೇಗೆ ಬಂತೆಂಬುದನ್ನು ತಿಳಿಯಲು ಮೊದಲು ಆ ನೆಲದ ಸ್ವಭಾವ ತಿಳಿಯಬೇಕು. ಹವಳದ್ವೀಪವೆಂದರೆ ಬೆಟ್ಟವಲ್ಲ, ಬಂಡೆಯಲ್ಲ. ಹವಳದ ಹುಳುಗಳು ಸಹಸ್ರಾರು ವರ್ಷಗಳಿಂದ ಕಟ್ಟಿದ ಸುಣ್ಣದ ದಿಬ್ಬದ ಮೇಲೆ ಅಲೆಗಳು ತಂದು ಸುರಿದ ಮರಳು. ಮುಳುಗುವ ಬೆಟ್ಟದ ಸುತ್ತ ಹವಳ ಬೆಳೆದು ಉಂಗುರದಂತಹ ದ್ವೀಪಗಳಾಗುತ್ತವೆಂಬ ವಾದವನ್ನು ಚಾರ್ಲ್ಸ್ ಡಾರ್ವಿನ್ 1842ರ ತನ್ನ ಗ್ರಂಥದಲ್ಲಿ ಮಂಡಿಸಿದ್ದು ವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇಂತಹ ನೆಲದಲ್ಲಿ ತೆಂಗು ಸೊಗಸಾಗಿ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಸುತ್ತ ಬೇಕಾದಷ್ಟು ಮೀನಿದೆ, ತಲೆಯ ಮೇಲೆ ಎಳನೀರಿದೆ. ಅನ್ನಕ್ಕೆ ಮಾತ್ರ ಸಮುದ್ರ ದಾಟಬೇಕು. 'ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನ' ಎಂಬ ಗಾದೆಯಲ್ಲಿ ಉಪ್ಪಿನ ಬದಲು ಅಕ್ಕಿ ಎಂದು ಹೇಳಿಬಿಟ್ಟರೆ ದ್ವೀಪದ ಸಾವಿರ ವರ್ಷಗಳ ಚರಿತ್ರೆಯ ಸಾರ ಅಷ್ಟರಲ್ಲೇ ಅಡಗುತ್ತದೆ.

ಅಕ್ಕಿಗೆ ಬದಲಾಗಿ ಕೊಡಲು ಅವರಲ್ಲಿದ್ದದ್ದು ಮುಖ್ಯವಾಗಿ ತೆಂಗಿನ ಕತ್ತ. ಇಂದು ಅದು ಕಾಲೊರಸುವ ಚಾಪೆಯ ಸರಕು. ಹಿಂದೆ ಅದು ಅರಬ್ಬೀ ಸಮುದ್ರದ ವ್ಯಾಪಾರದ ನರವಾಗಿತ್ತು. ನಮ್ಮ ಹೊನ್ನಾವರವನ್ನು ಕಂಡು, ಮುಂದೆ ಮಾಲ್ಡೀವ್ಸಿನಲ್ಲಿ ಖಾಜಿಯಾಗಿ ಕೆಲಸ ಮಾಡಿದ 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಈ ಹುರಿಯ ಮಹತ್ವವನ್ನು ವಿವರಿಸಿದ್ದಾನೆ. ಅಂದಿನ ಹಡಗುಗಳ ಹಲಗೆಗಳನ್ನು ಮೊಳೆಯಿಂದ ಜೋಡಿಸದೆ ಕತ್ತದ ಹುರಿಯಿಂದ ಹೊಲಿಯುತ್ತಿದ್ದರು. ಬಂಡೆಗೆ ತಾಗಿದಾಗ ಮೊಳೆಯ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಸಮುದ್ರದ ಮೇಲೆ ಒಡೆತನ ಬಯಸಿದವರೆಲ್ಲ ಈ ಪುಟ್ಟ ದ್ವೀಪಗಳ ಮೇಲೆ ಏಕೆ ಕಣ್ಣಿಟ್ಟರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅಮಿನಿಗೆ ಬಂದಿಳಿದದ್ದೂ ಇದಕ್ಕಾಗಿಯೇ. ದ್ವೀಪದವರು ಅವರಿಗೆ ವಿಷವಿಕ್ಕಿ ಮುಗಿಸಿದರೆಂದು ಅಲ್ಲಿಯ ಐತಿಹ್ಯ ಹೇಳುತ್ತದೆ.

ಅನಂತರ ದ್ವೀಪಗಳು ಕಣ್ಣಾನೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಾಳಲಾರದೆ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳ ಆಡಳಿತವನ್ನು ವಹಿಸಿಕೊಳ್ಳಬೇಕೆಂದು ಬೇಡಿಕೊಂಡರು. ಮಂಗಳೂರಿನ ಕೋಟೆಗೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿದ್ದ ವರ್ಷವದು. ಯುದ್ಧದ ನಡುವೆ ಇರುವ ಊರಿಗೆ, ಮುನ್ನೂರು ಕಿಲೋಮೀಟರು ಹಾಯಿ ಹಡಗಿನಲ್ಲಿ ಬಂದು ಅಹವಾಲು ಸಲ್ಲಿಸಬೇಕಾದರೆ ಅವರ ಸಂಕಟ ಎಷ್ಟಿದ್ದಿರಬೇಕು ಎಂದು ಯೋಚಿಸಿ. ಅರಕ್ಕಲ್ ಬೀಬಿಯೊಡನೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆಯ ಮೂಲಕ ಅಮಿನಿ ಗುಂಪಿನ ಐದು ದ್ವೀಪಗಳು ಅವನ ಕೈಸೇರಿದವು. ಉಳಿದವು ಅರಕ್ಕಲ್‌ನವರಲ್ಲೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾ ಪ್ರಾಂತ್ಯದ ಜೊತೆಗೆ ಈ ಐದು ದ್ವೀಪಗಳೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದವು. ಕೆನರಾ ಎರಡಾಗಿ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲೂ ದ್ವೀಪಗಳು ಮಂಗಳೂರನ್ನು ಬಿಡಲಿಲ್ಲ.

ಆಡಳಿತದ ಪ್ರಭು ಬದಲಾದರೂ ದ್ವೀಪದವನ ಬಾಳು ಅಷ್ಟೇನೂ ಬದಲಾಗಲಿಲ್ಲ. ಕತ್ತದ ಮೇಲೆ ಸರಕಾರದ ಏಕಸ್ವಾಮ್ಯವಿತ್ತು. ತಾನು ಮಾಡಿದ ಹುರಿಯನ್ನು ಇಷ್ಟಬಂದ ವರ್ತಕನಿಗೆ ಮಾರುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಮಂಗಳೂರಿನ ಸರಕಾರಿ ಉಗ್ರಾಣಕ್ಕೆ ಒಪ್ಪಿಸಿ, ಸರಕಾರ ಗೊತ್ತುಮಾಡಿದ ದರದಲ್ಲಿ ಅಕ್ಕಿ ಪಡೆಯಬೇಕಿತ್ತು. ಹುರಿಯ ಬೆಲೆ, ಅಕ್ಕಿಯ ಬೆಲೆ ಎರಡನ್ನೂ ನಿರ್ಣಯಿಸುವವನು ಒಬ್ಬನೇ ಆದಾಗ ಲಾಭ ಯಾರ ಕಡೆಗೆ ವಾಲುತ್ತದೆಂದು ಹೇಳಲು ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ. ದ್ವೀಪದಲ್ಲಿ ಸರಕಾರದ ಪ್ರತಿನಿಧಿಯಾಗಿ ಮಂಗಳೂರಿನಿಂದ ನೇಮಕವಾದ ಮಣೆಗಾರನಿದ್ದ. ಮಳೆಗಾಲದ ತಿಂಗಳುಗಳಲ್ಲಿ ಸಮುದ್ರದ ದಾರಿಯೇ ಮುಚ್ಚಿರುತ್ತಿದ್ದುದರಿಂದ, ಮಣೆಗಾರನ ಮೇಲೆ ದೂರಿದ್ದರೂ ಅದು ಮಂಗಳೂರನ್ನು ತಲಪಲು ಮಳೆ ನಿಲ್ಲಬೇಕಿತ್ತು.

ಆ ಹುರಿಯ ಹಿಂದಿದ್ದ ಕೈಗಳು ಬಹುಪಾಲು ಹೆಂಗಸರವು. ತೆಂಗಿನ ಸಿಪ್ಪೆಯನ್ನು ದಡದ ಮರಳಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಸಿ, ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆಯುವುದು ಅವರ ಕೆಲಸ. ಗಂಡಸರು ತೆಂಗು ಕೊಯ್ದು, ಮೀನು ಹಿಡಿದು, 'ಓಡಂ' ಎಂಬ ಹಾಯಿ ಹಡಗಿನಲ್ಲಿ ಸರಕು ಹೇರಿಕೊಂಡು ಹೊರಡುತ್ತಿದ್ದರು. ಹಡಗನ್ನು ನಡೆಸುವ ಮಾಲ್ಮಿ ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುತ್ತಿದ್ದ. ಗಂಡಸರು ಹೀಗೆ ವಾರಗಟ್ಟಲೆ ಕಾಣೆಯಾಗುವ ಊರಿನಲ್ಲಿ ಮನೆ ನಿಲ್ಲುತ್ತಿದ್ದುದು ಹೆಂಗಸಿನ ಆಧಾರದ ಮೇಲೆ. ದ್ವೀಪದ ಜನ ಮುಸಲ್ಮಾನರು. ಆದರೂ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ತರವಾಡಿನ ಪದ್ಧತಿ ಅವರದು. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ತುಳುನಾಡಿನ ನನ್ನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಮಡದಿಯೂ ಪರವಾನಗಿ ಪಡೆದು ಕೊಚ್ಚಿಯಿಂದ ಹಡಗಿನಲ್ಲಿ ಕಡಮತ್‌ಗೆ ಹೋಗಿದ್ದೆವು. ನಮ್ಮ ಹಡಗು ಮೊದಲು ಅಮಿನಿಯ ಹೊರಗೆ ಆಳದ ನೀರಿನಲ್ಲಿ ನಿಂತಿತು. ಅಲ್ಲಿ ಇಳಿಯುವವರು ತೊಯ್ದಾಡುವ ಸಣ್ಣ ದೋಣಿಗೆ ಕಾಲಿಟ್ಟು, ಮಕ್ಕಳನ್ನೂ ಅಕ್ಕಿಮೂಟೆಗಳನ್ನೂ ಕೈಯಿಂದ ಕೈಗೆ ದಾಟಿಸಿದರು. ನಮಗೆ ಸಾಹಸವೆನಿಸಿದ್ದು ಅವರಿಗೆ ಬಸ್ಸಿನಿಂದ ಇಳಿದಷ್ಟೇ ಸಹಜ. ಅಲ್ಲಿಂದ ಕಡಮತ್ ಕಣ್ಣಳತೆಯ ದೂರ. ಉದ್ದ ಸುಮಾರು ಎಂಟು ಕಿಲೋಮೀಟರು. ಅಗಲವಾದ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸು. ರಾತ್ರಿ ನಡುರಸ್ತೆಯಲ್ಲಿ ನಿಂತರೆ ಒಂದು ಕಿವಿಗೆ ಹೊರಸಮುದ್ರದ ಮೊರೆತ, ಇನ್ನೊಂದು ಕಿವಿಗೆ ಒಳಗಡಲಿನ ಮೆಲ್ಲನೆಯ ಸದ್ದು.

ಅಲ್ಲಿ ಮಸೀದಿಯ ಬಳಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಾವು ಮಂಗಳೂರಿನ ಕಡೆಯವರೆಂದು ತಿಳಿದೊಡನೆ ಎದ್ದು ನಿಂತು ಕೈ ಹಿಡಿದುಕೊಂಡರು. "ಮಂಗಲಾಪುರಂ! ನಮ್ಮ ಬಾಪ ಓಡದಲ್ಲಿ ಹೋಗುತ್ತಿದ್ದ ಊರು, ಮಾಷೆ" ಎಂದು ತಮ್ಮ ದ್ವೀಪದ ಮಲಯಾಳದಲ್ಲಿ ಹೇಳಿದರು. ಬಂದರಿನ ಗೋದಾಮು, ಅಕ್ಕಿಯ ಮಂಡಿ, ಬೆಲ್ಲದ ವಾಸನೆ ಎಲ್ಲವೂ ತಂದೆಯ ಬಾಯಿಂದ ಕೇಳಿ ಅವರಿಗೆ ಪಾಠವಾಗಿತ್ತು. "ಬಾಪ ಬರುವ ದಿನ ದಾಟಿದರೆ ಉಮ್ಮ ಒಲೆ ಹಚ್ಚುತ್ತಿದ್ದಳು, ಅಕ್ಕಿ ಹಾಕುತ್ತಿರಲಿಲ್ಲ, ನೆರೆಯವರಿಗೆ ಹೊಗೆ ಕಾಣಬೇಕಿತ್ತು" ಎಂದರು. ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ತಾಯಿಯ ಬಗೆಗಿನ ಅಭಿಮಾನವೇ ಹೆಚ್ಚಾಗಿತ್ತು. ನಮ್ಮ ಹಿಂದೆಯೇ ಪ್ರವಾಸಿಗಳ ಮಕ್ಕಳು ಮರಳಿನಲ್ಲಿ ಗೂಡು ಕಟ್ಟುತ್ತಿದ್ದರು. ಅದೇ ಮರಳಿನ ಗುಂಡಿಗಳಲ್ಲಿ ಒಂದು ಕಾಲಕ್ಕೆ ಆ ಮನೆಯ ಅನ್ನ ಕೊಳೆಯುತ್ತ ಮಲಗಿತ್ತು!

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಮ್ಮ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು; ಕಾಸರಗೋಡು ಕೇರಳಕ್ಕೆ ಹೋಯಿತು; ಅಮಿನ್‌ದೀವಿ ದ್ವೀಪಗಳು ಮಲಬಾರಿಗೆ ಸೇರಿದ್ದ ಉಳಿದ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಅದರ ಆಡಳಿತ ಕೇಂದ್ರ 1964ರಲ್ಲಿ ಕಲ್ಲಿಕೋಟೆಯಿಂದ ಕವರತ್ತಿಗೆ ಬಂತು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರಾಯಿತು. ಕಾಸರಗೋಡಿನ ವಿಷಯ ನಮ್ಮಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ದ್ವೀಪಗಳು ಹೋದದ್ದನ್ನು ನೆನೆಯುವವರು ವಿರಳ. ಅವು ನಮಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಭಾಷೆ, ಆಚಾರ, ಅನುಕೂಲ ಎಲ್ಲವನ್ನೂ ನೋಡಿದರೆ ದ್ವೀಪಗಳಿಗೆ ತಮ್ಮದೇ ಆಡಳಿತವಿರುವುದೇ ಸರಿ. ಆದರೆ ಒಂದೂವರೆ ಶತಮಾನ ಯಾರ ಹುರಿಯಿಂದ ನಮ್ಮ ಬಂದರಿಗೆ ವಹಿವಾಟು ದೊರಕಿತೋ ಅವರನ್ನು ಮರೆಯುವುದು ಸರಿಯಲ್ಲ. ಗಡಿಗೆರೆ ಬದಲಾದರೂ ಋಣ ಉಳಿಯುತ್ತದೆ.

ವ್ಯವಹಾರವಂತೂ ನಿಂತಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ, ಮರಳು ಹೇರಿಕೊಂಡ ಮಂಜಿಗಳು ದ್ವೀಪಗಳಿಗೆ ಹೋಗುತ್ತಿವೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಅಲ್ಲಿಂದ ಸುಮಾರು 160 ಪ್ರಯಾಣಿಕರನ್ನು ಏಳೇ ಗಂಟೆಗಳಲ್ಲಿ ಮಂಗಳೂರಿಗೆ ತಂದಿತು. ಅದೇ ವರ್ಷದ ಜನವರಿಯಲ್ಲಿ ಪ್ರಧಾನಮಂತ್ರಿಗಳ ಭೇಟಿಯ ನಂತರ ಲಕ್ಷದ್ವೀಪದ ಕಡೆಗೆ ಪ್ರವಾಸಿಗಳ ಉತ್ಸಾಹವೂ ಹೆಚ್ಚಿತು.

ಆದ್ದರಿಂದಲೇ ಒಂದು ಮಾತು ಹೇಳಬೇಕಾಗಿದೆ. ಲಕ್ಷದ್ವೀಪದ ನೆಲವೆಲ್ಲ ಸೇರಿ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನ 64,473. ಅಲ್ಲಿ ನದಿಯಿಲ್ಲ. ಮಳೆಯ ನೀರು ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತದೆ. ಬಾವಿಯಿಂದ ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. 1998, 2010 ಮತ್ತು 2016ರಲ್ಲಿ ಸಮುದ್ರ ಕಾದು ಅಲ್ಲಿಯ ಹವಳಗಳು ಬಿಳಿಚಿಕೊಂಡವು. ಹವಳ ಸತ್ತರೆ ಅಲೆಯನ್ನು ತಡೆಯುವ ಗೋಡೆ ಕುಸಿದಂತೆ. ಬಂಗಾರಂ ಸಮೂಹದ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಕೊಚ್ಚಿಹೋಗಿ ಪೂರ್ಣವಾಗಿ ಮಾಯವಾಗಿರುವುದನ್ನು 2017ರಲ್ಲಿ ಸಂಶೋಧಕರು ತಿಳಿಸಿದರು. ನಾವು ಹೋಟೆಲಿನಲ್ಲಿ ಎರಡು ಸಲ ಮೀಯುವ ನೀರು, ನಾವು ಕಾಲಡಿಯಲ್ಲಿ ತುಳಿಯುವ ಹವಳ, ಇವೇ ಅವರ ಊರಿನ ಬುನಾದಿ.

ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಹೋಗಿಬನ್ನಿ. ಮೀಯಿರಿ, ಈಜಿರಿ, ಚಿತ್ರಗಳನ್ನು ತೆಗೆಯಿರಿ, ನನಗೂ ಕಳುಹಿಸಿ. ಹವಳವನ್ನು ಮುಟ್ಟಬೇಡಿ, ನೀರನ್ನು ಅಳೆದು ಬಳಸಿ. ಅಲ್ಲಿಯ ಹಿರಿಯರು ಸಿಕ್ಕರೆ, ಅವರ ಮನೆಯವರು ಯಾರಾದರೂ ಮಂಗಳೂರಿಗೆ ಹುರಿ ತಂದಿದ್ದರೆ ಎಂದು ವಿಚಾರಿಸಿ. ಅಂತೆಯೇ ನಿಮ್ಮ ಮನೆಯ ಹಿರಿಯರಲ್ಲಿ ಬಂದರಿನ ವ್ಯಾಪಾರ ಕಂಡವರಿದ್ದರೆ ಅವರ ಬಳಿ ಕುಳಿತು, ದ್ವೀಪದವರ ಬಗ್ಗೆ ಅವರಿಗೆ ನೆನಪಿರುವುದನ್ನು ಇಂದೇ ಬರೆದಿಡಿ. ಓಡಗಳ ಕಾಲ ಕಂಡವರು ಎರಡು ದಡಗಳಲ್ಲೂ ಈಗ ಕೆಲವರೇ ಉಳಿದಿದ್ದಾರೆ.