ನಾಗರಾಜ, ಡಿ.
ಪಾರ್ಶ್ವವಾಯು ಸಂಶೋಧನೆಗೆ ಹೆಸರಾದ ಕರ್ನಾಟಕದ ನರರೋಗ ತಜ್ಞ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ನರರೋಗ ವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ಮುಂದೆ ಸಂಸ್ಥೆಯ ನಿರ್ದೇಶಕ ಹಾಗೂ ಕುಲಪತಿಯಾಗಿದ್ದರು. ಯುವಜನರ ಪಾರ್ಶ್ವವಾಯು ಮತ್ತು ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಇವರ ಮುಖ್ಯ ಅಧ್ಯಯನ ಕ್ಷೇತ್ರಗಳು. ಸಾಮಾನ್ಯ ಪಾರ್ಶ್ವವಾಯುವಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿ ಕಟ್ಟಿಕೊಳ್ಳುತ್ತದೆ ಇಲ್ಲವೇ ಒಡೆಯುತ್ತದೆ. ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗದಲ್ಲಿ ಮಿದುಳಿನಿಂದ ರಕ್ತ ಹೊರಹೋಗುವ ದಾರಿಯೇ ಮುಚ್ಚಿ ತಲೆನೋವು, ಸೆಳವು, ಕೈಕಾಲು ಸ್ವಾಧೀನ ತಪ್ಪುವುದು ಕಾಣಿಸುತ್ತವೆ. ಭಾರತದಲ್ಲಿ ಇದು ಬಾಣಂತಿಯರನ್ನು ವಿಶೇಷವಾಗಿ ಕಾಡಿದ ರೋಗ. ಹೆರಿಗೆಯ ನಂತರ ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ; ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪಥ್ಯವೂ ನಿರ್ಜಲತೆಯ ಮೂಲಕ ಅಪಾಯ ಹೆಚ್ಚಿಸುತ್ತದೆಂದು ವೈದ್ಯರು ಗುರುತಿಸಿದ್ದಾರೆ. ನಾಗರಾಜ ಮತ್ತು ಸಹೋದ್ಯೋಗಿಗಳು ಇಂಥ 57 ಬಾಣಂತಿಯರಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧದ ಚಿಕಿತ್ಸೆಯ ಪ್ರಯೋಗ ನಡೆಸಿ 1995ರಲ್ಲಿ ಪ್ರಕಟಿಸಿದರು. ಹೆಪಾರಿನ್ ಪಡೆಯದ ಗುಂಪಿನಲ್ಲಿ ಮೂವರು ಮೃತಪಟ್ಟರು ಅಥವಾ ಅವರಲ್ಲಿ ನಿಶ್ಶಕ್ತಿ ಉಳಿಯಿತು, ಪಡೆದವರಲ್ಲಿ ಹಾಗಾಗಲಿಲ್ಲ. ರೋಗನಿರ್ಣಯಕ್ಕೆ ಸಿ.ಟಿ. ಸ್ಕ್ಯಾನನ್ನಷ್ಟೇ ನೆಚ್ಚಿದ್ದು ಈ ಪ್ರಯೋಗದ ಮಿತಿ; ಆದರೂ ಈ ರೋಗಕ್ಕೆ ಹೆಪಾರಿನ್ ಕುರಿತು ನಡೆದ ಬೆರಳೆಣಿಕೆಯ ಪ್ರಯೋಗಗಳಲ್ಲಿ ಇದೊಂದು. ಮನೋವೈದ್ಯೆ ಪ್ರತಿಮಾ ಮೂರ್ತಿ ಅವರೊಡನೆ ಸಂಪಾದಿಸಿದ, ಮಾನಸಿಕ ಆರೋಗ್ಯ ಸೇವೆ ಮತ್ತು ಮಾನವ ಹಕ್ಕುಗಳನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2008ರಲ್ಲಿ ಪ್ರಕಟಿಸಿತು.